ಮದುವೆ ಒಂದೇ, ಮಾತು ಬೇರೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ರಾವಂದೂರಿನ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆಯೇ ಮನೆಯ ತಾರಸಿಯ ಮಾತು, ಮಗಳ ಮದುವೆಯ ಮಾತು. ಎರಡರಲ್ಲಿ ಯಾವುದು ಕಷ್ಟವೆಂದು ಕೇಳಿದರೆ, ಎರಡನ್ನೂ ಮಾಡಿ ಮುಗಿಸಿದವರು ನಕ್ಕು ಸುಮ್ಮನಾಗುತ್ತಾರೆ.

ಅಲ್ಲಿಯ ಒಂದು ಮನೆಯಲ್ಲಿ, ಒಂದು ಸಂಜೆ, ತಾತ ಮತ್ತು ಮೊಮ್ಮಗಳು ಹಳೆಯ ಕಪ್ಪು ಬಿಳುಪು ಚಿತ್ರವೊಂದನ್ನು ನೋಡುತ್ತ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಚಿತ್ರ 1965ರ 'ಮದುವೆ ಮಾಡಿ ನೋಡು'. ರಾಜ್‌ಕುಮಾರ್, ಲೀಲಾವತಿ, ಉದಯಕುಮಾರ್ ಅಭಿನಯದ್ದು. ತಾತ ಹುಡುಗನಾಗಿದ್ದಾಗ ಟೆಂಟಿನಲ್ಲಿ, ನೆಲದ ಟಿಕೇಟು ತೆಗೆದುಕೊಂಡು ನೋಡಿದ್ದ ಚಿತ್ರ. ಹತ್ತನೆಯ ತರಗತಿಯ ಮೊಮ್ಮಗಳು ಮೊಬೈಲಿನಲ್ಲಿ ಅದೇನನ್ನೋ ಹುಡುಕಿ, 'ತಾತ, ಇದು ನಮ್ದಲ್ವಂತೆ. ತೆಲುಗಿಂದಂತೆ. ತಮಿಳಲ್ಲೂ ಐತಂತೆ' ಎನ್ನುತ್ತಾಳೆ. ತಾತನಿಗೆ ರೇಗುತ್ತದೆ. 'ಅದೆಂಗಾದದು? ನಮ್ ಹುಣಸೂರ್ನೋರು ಮಾಡಿರೋ ಪಿಚ್ಚರ್ ಕಣವ್ವ ಇದು!'

ಇಬ್ಬರು ಹೇಳಿದ್ದೂ ನಿಜವೇ.

ಮೊಮ್ಮಗಳ ನಿಜವನ್ನು ಮೊದಲು ನೋಡೋಣ. ಮದರಾಸಿನ ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1952ರಲ್ಲಿ ಒಂದು ನಗೆಚಿತ್ರ ತೆಗೆದರು. ತೆಲುಗಿನಲ್ಲಿ ಅದರ ಹೆಸರು 'ಪೆಳ್ಳಿ ಚೇಸಿ ಚೂಡು', ತಮಿಳಿನಲ್ಲಿ 'ಕಲ್ಯಾಣಂ ಪಣ್ಣಿ ಪಾರ್'. ನಿರ್ದೇಶಕರು ಎಲ್.ವಿ. ಪ್ರಸಾದ್. ಎನ್.ಟಿ. ರಾಮರಾವ್, ಜಿ. ವರಲಕ್ಷ್ಮಿ, ಸಾವಿತ್ರಿ, ಎಸ್.ವಿ. ರಂಗರಾವ್ ಮುಖ್ಯ ಪಾತ್ರಗಳಲ್ಲಿದ್ದರು. ಎರಡೂ ಭಾಷೆಯ ಚಿತ್ರಗಳು ಜೊತೆಜೊತೆಯಾಗಿಯೇ ತಯಾರಾದವು. ಹದಿಮೂರು ವರ್ಷಗಳ ನಂತರ ಅದೇ ನಾಗಿರೆಡ್ಡಿ–ಚಕ್ರಪಾಣಿ ಜೋಡಿ ಅದೇ ಕಥೆಯನ್ನು ಕನ್ನಡಕ್ಕೆ ತಂದಿತು. ಸಂಗೀತ ಆಗಲೂ ಘಂಟಸಾಲ, ಈಗಲೂ ಘಂಟಸಾಲ.

ಹೆಸರಿನ ಸ್ವಾರಸ್ಯವನ್ನು ಗಮನಿಸಬೇಕು. ತೆಲುಗರಲ್ಲಿ 'ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು' ಎಂಬ ಗಾದೆಯಿದೆ. ತಮಿಳರಲ್ಲಿಯೂ ಮನೆ ಕಟ್ಟಿ ನೋಡು, ಕಲ್ಯಾಣ ಮಾಡಿ ನೋಡು ಎಂದೇ ಗಾದೆ. ಮೂರು ಭಾಷೆಗಳ ತಂದೆತಾಯಿಯರೂ ಒಂದೇ ಬಗೆಯ ಪಾಡು ಪಟ್ಟು ಒಂದೇ ಗಾದೆ ಕಟ್ಟಿಕೊಂಡಿದ್ದಾರೆ! ಹೀಗಾಗಿ ಚಿತ್ರದ ಹೆಸರು ಯಾವ ತಕರಾರೂ ಇಲ್ಲದೆ ಗಡಿ ದಾಟಿತು. ಒಳಗಿನ ಮಾತು ಅಷ್ಟು ಸುಲಭವಾಗಿ ದಾಟುವಂಥದಲ್ಲ.

ಒಂದೇ ಚಿತ್ರವನ್ನು ಎರಡು ಭಾಷೆಯಲ್ಲಿ ತೆಗೆಯುವ ಈ ಪದ್ಧತಿ ನಮ್ಮಲ್ಲೇ ಹುಟ್ಟಿದ್ದಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಭಾಷೆಯ ಗೊಡವೆಯೇ ಇರಲಿಲ್ಲ. ನಡುನಡುವೆ ಬರುವ ಬರಹದ ಪಟ್ಟಿಯನ್ನು ಬದಲಿಸಿದರೆ ಸ್ವೀಡನ್ ದೇಶದ ಚಿತ್ರ ಜರ್ಮನಿಯಲ್ಲೂ ಓಡುತ್ತಿತ್ತು, ಅಮೆರಿಕದಲ್ಲೂ ಓಡುತ್ತಿತ್ತು. ಚಿತ್ರಕ್ಕೆ ಮಾತು ಬಂದದ್ದೇ ತಡ, ಸಣ್ಣ ಭಾಷೆಗಳಿಗೆ ಸಂಕಟ ಬಂತು. 1930ರಲ್ಲಿ ಇಡೀ ಸ್ವೀಡನ್ನಿನ ಜನಸಂಖ್ಯೆ ಸುಮಾರು 60 ಲಕ್ಷ. ಅಷ್ಟು ಜನರನ್ನು ನಂಬಿ ಮಾತಿನ ಚಿತ್ರ ತೆಗೆದರೆ ಹಾಕಿದ ಬಂಡವಾಳ ಹಿಂದಕ್ಕೆ ಬರುವುದು ಹೇಗೆ?

ಅವರು ಕಂಡುಕೊಂಡ ದಾರಿ ಇದು. ಆ ವರ್ಷ ಸ್ಟಾಕ್‌ಹೋಮಿನ ಹತ್ತಿರದ ರೋಸುಂದ ಸ್ಟುಡಿಯೊದಲ್ಲಿ 'ಫರ್ ಹೆನ್ನೆಸ್ ಸ್ಕುಲ್' ಎಂಬ ಹಾಡು, ನಗೆ, ಪ್ರೇಮ ತುಂಬಿದ ಚಿತ್ರ ತಯಾರಾಯಿತು. 'ಅವಳಿಗೋಸ್ಕರ' ಎಂದು ಅರ್ಥ. ಪಾಲ್ ಮೆರ್ಜ್‌ಬಾಖ್ ನಿರ್ದೇಶಕ. ಅದರ ಜೊತೆಗೇ ಜರ್ಮನ್ ಭಾಷೆಯಲ್ಲೂ ಬೇರೆಯ ಹೆಸರಿನಲ್ಲಿ ಒಂದು ಆವೃತ್ತಿ ಸಿದ್ಧವಾಯಿತು. ಜರ್ಮನ್ ಮಾತಾಡುವವರು ಕೋಟಿಗಟ್ಟಲೆ ಇದ್ದರು. ಹೊರಗಿನ ದೊಡ್ಡ ಊರಿನ ಸಂತೆಗೆ ಗಾಡಿ ಕಟ್ಟಿದರೆ ಮಾತ್ರ ಬೆಳೆದದ್ದಕ್ಕೆ ಬೆಲೆ ಎಂಬ ಲೆಕ್ಕ ರೈತರಿಗೆ ಹೊಸದಲ್ಲ.

ಅದೇ ವರ್ಷ ಅಮೆರಿಕದ ಪ್ಯಾರಮೌಂಟ್ ಕಂಪನಿ ಪ್ಯಾರಿಸ್ಸಿನ ಬಳಿ ಜ್ವಾನ್‌ವಿಲ್ ಎಂಬಲ್ಲಿ ಸ್ಟುಡಿಯೊ ಕಟ್ಟಿಕೊಂಡು ಒಂದೇ ಸೆಟ್ಟಿನಲ್ಲಿ ಹಲವು ಭಾಷೆಗಳ ಚಿತ್ರಗಳನ್ನು ತೆಗೆಯತೊಡಗಿತು. ಒಂದು ಭಾಷೆಯ ತಂಡ ಮೇಲೇಳುತ್ತಿದ್ದಂತೆ ಅದೇ ಕುರ್ಚಿಯ ಮೇಲೆ ಇನ್ನೊಂದು ಭಾಷೆಯ ತಂಡ! ಸ್ವೀಡನ್ನಿನಿಂದ ಹಾಲಿವುಡ್ಡಿಗೆ ಹೋಗಿದ್ದ ಗ್ರೆಟಾ ಗಾರ್ಬೊ 'ಆ್ಯನಾ ಕ್ರಿಸ್ಟಿ' ಚಿತ್ರವನ್ನು ಇಂಗ್ಲಿಷಿನಲ್ಲಿ ಮುಗಿಸಿ ಜರ್ಮನ್ನಿನಲ್ಲಿ ಮತ್ತೊಮ್ಮೆ ಅಭಿನಯಿಸಿದರು. ನಿರ್ದೇಶಕರೂ ಬೇರೆ, ಜೊತೆಯ ನಟರೂ ಬೇರೆ. ನಗಿಸುವ ಜೋಡಿ ಲಾರೆಲ್ ಮತ್ತು ಹಾರ್ಡಿಯವರಿಗೆ ಸ್ಪ್ಯಾನಿಷ್ ಗೊತ್ತಿರಲಿಲ್ಲ. ಮಾತುಗಳ ಉಚ್ಚಾರಣೆಯನ್ನು ಹಲಗೆಯ ಮೇಲೆ ಬರೆಸಿ, ಕ್ಯಾಮರಾದ ಪಕ್ಕ ಇರಿಸಿಕೊಂಡು ಒಪ್ಪಿಸುತ್ತಿದ್ದರು. ಪಾಠ ಬಾರದ ಹುಡುಗರಿಗೆ ಇದರಿಂದ ಸಮಾಧಾನವಾದೀತು. ಆದರೆ ಅವರು ಒಪ್ಪಿಸಿದ ರೀತಿಗೇ ಜನ ಇನ್ನಷ್ಟು ನಗುತ್ತಿದ್ದರು.

ಎರಡು ಮೂರು ವರ್ಷಗಳಲ್ಲಿ ಈ ಭರಾಟೆ ಇಳಿಯಿತು. ತುಟಿಗೆ ಬೇರೆ ಭಾಷೆಯ ಮಾತನ್ನು ಕೂಡಿಸುವ ಡಬ್ಬಿಂಗ್ ತಂತ್ರ ಪಳಗಿತು. ಅದು ಎರಡನೆಯ ಸಲ ಚಿತ್ರ ತೆಗೆಯುವುದಕ್ಕಿಂತ ಎಷ್ಟೋ ಅಗ್ಗ. ಜರ್ಮನಿ ಡಬ್ಬಿಂಗ್ ಹಿಡಿಯಿತು. ಸ್ವೀಡನ್ ತೆರೆಯ ಕೆಳಗೆ ಅಕ್ಷರ ಮೂಡಿಸುವುದನ್ನು ಹಿಡಿಯಿತು. ಚಿಕ್ಕ ಮಕ್ಕಳ ಚಿತ್ರಗಳನ್ನು ಬಿಟ್ಟರೆ ಅಲ್ಲಿ ಇಂದಿಗೂ ಅದೇ ರೂಢಿ.

ಯುರೋಪು ಕೈಬಿಟ್ಟ ಈ ಪದ್ಧತಿಯನ್ನು ದಕ್ಷಿಣ ಭಾರತ ಮಾತ್ರ ದಶಕಗಳ ಕಾಲ ಬಿಡಲಿಲ್ಲ. ಕಾರಣ ಮದರಾಸು. ತಮಿಳು, ತೆಲುಗು, ಕನ್ನಡ, ಮಲಯಾಳ ನಾಲ್ಕೂ ಭಾಷೆಯ ಚಿತ್ರಗಳು ಅಲ್ಲಿನ ಸ್ಟುಡಿಯೊಗಳಲ್ಲೇ ಹುಟ್ಟುತ್ತಿದ್ದವು. ಒಂದೇ ಕ್ಯಾಂಟೀನಿನಲ್ಲಿ ನಾಲ್ಕು ಭಾಷೆಯವರು ಕಾಫಿ ಕುಡಿಯುತ್ತಿದ್ದರು. ಎರಡೆರಡು ಭಾಷೆ ಬಲ್ಲ ಕಲಾವಿದರಿಗೆ ಬರವಿರಲಿಲ್ಲ. ಸಾವಿತ್ರಿ ಇದಕ್ಕೆ ಒಳ್ಳೆಯ ಉದಾಹರಣೆ. ವಿಜಯಾದವರದೇ ಇನ್ನೊಂದು ನಗೆಚಿತ್ರ 'ಮಿಸ್ಸಮ್ಮ' 1955ರ ಜನವರಿಯಲ್ಲಿ ತೆಲುಗು, ತಮಿಳು ಎರಡರಲ್ಲೂ ತೆರೆಕಂಡಿತು. ಕೆಲಸವಿಲ್ಲದ ಯುವಕ ಯುವತಿ, ಶಾಲೆಯಲ್ಲಿ ಮೇಷ್ಟರ ಕೆಲಸ ಸಿಗಲೆಂದು ಗಂಡಹೆಂಡಿರಂತೆ ನಟಿಸುವ ಕಥೆ ಅದು. ತೆಲುಗಿನಲ್ಲಿ ಸಾವಿತ್ರಿಯ ಎದುರು ರಾಮರಾವ್, ತಮಿಳಿನಲ್ಲಿ ಜೆಮಿನಿ ಗಣೇಶನ್. ಅದೇ ಮನೆ, ಅದೇ ಬೆಳದಿಂಗಳು, ಅದೇ ನಾಯಕಿ. ಹುಸಿ ಗಂಡ ಮಾತ್ರ ಬೇರೆ.

ಕನ್ನಡದವರೂ ಈ ದಾರಿ ತುಳಿದವರೇ. ಬಿ.ಆರ್. ಪಂತುಲು ಅವರ 1958ರ 'ಸ್ಕೂಲ್ ಮಾಸ್ಟರ್' ಕನ್ನಡದ ಜೊತೆ ತಮಿಳಿನಲ್ಲೂ ಬಂತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ಕೆಂಪರಾಜ ಅರಸು, ಅಂದರೆ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಸಹೋದರ, 1950ರಲ್ಲೇ 'ರಾಜಾ ವಿಕ್ರಮ'ವನ್ನು ಕನ್ನಡ, ತಮಿಳು ಎರಡರಲ್ಲಿ ತೆಗೆದಿದ್ದರು. ಮುಂದೆ ಅವರ 'ನಳ ದಮಯಂತಿ' ಮೂರು ಭಾಷೆಗೆ ಹೋಯಿತು. ಕನ್ನಡಕ್ಕೆ ಚಿತ್ರಮಂದಿರಗಳು ಕಡಿಮೆ, ಹಾಕುವ ಹಣವೂ ಕಡಿಮೆ. ಒಂದು ಸೆಟ್ಟಿನ ಖರ್ಚನ್ನು ಎರಡು ಭಾಷೆಗಳಿಗೆ ಹಂಚಿದರೆ ನಿರ್ಮಾಪಕನ ಉಸಿರು ಉಳಿಯುತ್ತಿತ್ತು. ಸ್ವೀಡನ್ನಿನವರ ಲೆಕ್ಕವೂ ಇದೇ ತಾನೆ?

ಇನ್ನು ತಾತನ ನಿಜಕ್ಕೆ ಬರೋಣ. 'ಮದುವೆ ಮಾಡಿ ನೋಡು' ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ. ಹುಟ್ಟಿದ್ದು 1914ರಲ್ಲಿ, ಊರು ಹೆಸರಿನಲ್ಲೇ ಇದೆ. ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದವರು. ನಿರ್ದೇಶನ, ಸಂಭಾಷಣೆ, ಹಾಡು ಎಲ್ಲಕ್ಕೂ ಕೈ ಹಾಕಬಲ್ಲವರು. ಅದೇ ಹುಣಸೂರಿನ ಅವರ ಸೋದರಳಿಯ ದ್ವಾರಕೀಶ್ ಚಿತ್ರರಂಗಕ್ಕೆ ಕಾಲಿಟ್ಟದ್ದೂ ಮಾವನ 'ವೀರಸಂಕಲ್ಪ'ದಿಂದ, 1964ರಲ್ಲಿ.

ನಾಟಕದ ಅನುಭವ ಇಂಥ ಕೆಲಸಕ್ಕೆ ಎಷ್ಟು ಮುಖ್ಯ ಎಂಬುದು ನಗೆಚಿತ್ರಕ್ಕೆ ಕೈ ಹಾಕಿದಾಗಲೇ ತಿಳಿಯುವುದು. ಗಂಭೀರ ಕಥೆಯನ್ನು ಇನ್ನೊಂದು ಭಾಷೆಗೆ ತರುವಾಗ ಅರ್ಥ ಬಂದರೆ ಸಾಕು. ನಗೆಗೆ ಅರ್ಥ ಸಾಲದು. ಹೊತ್ತು ಬೇಕು, ಸಲಿಗೆ ಬೇಕು. ಹೆಂಡತಿ ಗಂಡನನ್ನು ಕರೆಯುವ ರೀತಿಯನ್ನೇ ನೋಡಿ. ತಮಿಳು ನಾಯಕಿಯ ಬಾಯಲ್ಲಿ 'ಅತ್ತಾನ್' ಎಂಬ ಒಂದೇ ಮಾತು ನಾಚಿಕೆ, ಪ್ರೀತಿ, ಸೋದರಮಾವನ ಮಗನೆಂಬ ಸದರ ಮೂರನ್ನೂ ಹೊತ್ತು ಬರುತ್ತದೆ. ತೆಲುಗಿನಲ್ಲಿ 'ಏಮಂಡಿ' ಇದೆ, 'ಬಾವ' ಇದೆ. ಕನ್ನಡದಲ್ಲಿ 'ಅತ್ತೆ ಮಗನೇ' ಎಂದು ಹೆಂಡತಿಯಿಂದ ಕರೆಸಿದರೆ ಟೆಂಟಿನವರು ತಪ್ಪು ಜಾಗದಲ್ಲಿ ನಗುತ್ತಾರೆ. ಇಲ್ಲಿ 'ಏನೂಂದ್ರೆ' ಬೇಕು, 'ರೀ' ಬೇಕು. ಹಳ್ಳಿಯಾದರೆ ಅದೂ ಇಲ್ಲ. ಬಾಗಿಲ ಚಿಲಕ ಅಲ್ಲಾಡಿಸಿದರೂ ಗಂಡನಿಗೆ ಅರ್ಥವಾಗಬೇಕು! ಚಿಲಕದ ಸದ್ದನ್ನು ಯಾವ ನಿಘಂಟಿನಲ್ಲಿ ಹುಡುಕುವುದು?

ಡಬ್ಬಿಂಗಿಗೂ ಹೊಸದಾಗಿ ತೆಗೆಯುವುದಕ್ಕೂ ಇರುವ ಅಂತರ ಇಲ್ಲಿದೆ. ಡಬ್ಬಿಂಗಿನ ಸಂಭಾಷಣೆಕಾರ ತುಟಿಯ ಆಳು. ತೆರೆಯ ಮೇಲಿನ ಬಾಯಿ ಐದು ಸಲ ತೆರೆದರೆ ಅವನ ಮಾತೂ ಐದು ಸಲಕ್ಕೆ ಮುಗಿಯಬೇಕು. ಹೊಸದಾಗಿ ತೆಗೆಯುವವನಿಗೆ ಆ ಕಟ್ಟಿಲ್ಲ. ಕನ್ನಡದ ಮಾತು ಉದ್ದವಾದರೆ ನಟ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾನೆ, ಕ್ಯಾಮರಾ ಕಾಯುತ್ತದೆ. ಬೀಗರು ಮುಖ ತಿರುಗಿಸುವ ಬಗೆಯೂ ಇಲ್ಲಿಯದೇ ಆಗಬಹುದು.

ಹಾಡಿನ ಕಷ್ಟ ಬೇರೆ. ಧಾಟಿ ಮೊದಲೇ ಇರುತ್ತದೆ. ಅದಕ್ಕೆ ಕನ್ನಡ ಕೂಡಬೇಕು. ರಾಗ ಎಳೆಯುವಲ್ಲಿ ದೀರ್ಘಾಕ್ಷರ, ಜಿಗಿಯುವಲ್ಲಿ ಹ್ರಸ್ವ ಬೀಳಬೇಕು. ಪರೀಕ್ಷೆಗೆಂದು ಲಘು ಗುರು ಹಾಕಿ ಬೇಸತ್ತ ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಯಾವುದಾದರೂ ತೆಲುಗು ಅಥವಾ ಹಿಂದಿ ಹಾಡಿನ ಧಾಟಿಗೆ ಕನ್ನಡದ ನಾಲ್ಕು ಸಾಲು ಕೂಡಿಸಿ ನೋಡಬಹುದು. ಛಂದಸ್ಸನ್ನು ಯಾಕೆ ಕಲಿಸುತ್ತಾರೆಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇಷ್ಟಕ್ಕೂ ಆ ಚಿತ್ರದ ಕಥೆಯಾದರೂ ಏನು? ವರದಕ್ಷಿಣೆ. ಮಾತಾಡಿದ ಹಣ ಕೈಗೆ ಬರಲಿಲ್ಲವೆಂದು ಗಂಡಿನ ಅಪ್ಪ ಮದುವೆ ಮನೆಯಿಂದ ಮಗನನ್ನು ಎಬ್ಬಿಸಿಕೊಂಡು ಹೊರಡುತ್ತಾನೆ. ಮಗನಿಗೆ ಹೆಂಡತಿಯ ಮೇಲೆ ಪ್ರೀತಿ. ಅಪ್ಪನಿಗೆ ತಿಳಿಯದಂತೆ ಪಟ್ಟಣದಲ್ಲಿ ಅವಳೊಡನೆ ಸಂಸಾರ ಹೂಡುತ್ತಾನೆ. ಅಪ್ಪ ನೋಡಲು ಬಂದಾಗ ಮಗನಿಗೆ ಹುಚ್ಚು. ಹೆಂಡತಿ ಅವನನ್ನು ನೋಡಿಕೊಳ್ಳುವ ನರ್ಸು! ಸೊಸೆಯೆಂದು ಒಪ್ಪದ ಹುಡುಗಿಯನ್ನು ಮಾವ ನರ್ಸೆಂದು ಮೆಚ್ಚಿಕೊಳ್ಳುವಲ್ಲಿ ನಗೆಯೂ ಇದೆ, ಒಂದು ಚುಚ್ಚುಮದ್ದೂ ಇದೆ.

1952ರಲ್ಲಿ ತೆಲುಗು, ತಮಿಳು ಚಿತ್ರ ಬಂದಾಗ ವರದಕ್ಷಿಣೆಯನ್ನು ನಿಷೇಧಿಸುವ ಕೇಂದ್ರದ ಕಾನೂನು ಇರಲಿಲ್ಲ. ಅದು ಬಂದದ್ದು 1961ರಲ್ಲಿ. ಅಂದರೆ 1965ರ ಕನ್ನಡ ಚಿತ್ರದ ಹೊತ್ತಿಗೆ ಆ ಬೀಗರು ಬರೀ ಆಸೆಬುರುಕರಲ್ಲ, ಕಾನೂನು ಮುರಿದವರು. ಕಥೆ ಬದಲಾಗಲಿಲ್ಲ, ಅದರ ಸುತ್ತಲಿನ ದೇಶ ಬದಲಾಗಿತ್ತು. ಮದುವೆ ಮನೆಗಳು ಬದಲಾಗಿದ್ದವೇ ಎಂದು ಆ ಕಾಲದ ಹೆಣ್ಣು ಹೆತ್ತವರನ್ನು ಕೇಳಬೇಕು. ಕಾನೂನಿನ ಪುಸ್ತಕ ಹಳ್ಳಿಗೆ ತಲುಪುವ ಮೊದಲೇ ಟೆಂಟು ತಲುಪುತ್ತಿತ್ತು. ಅಲ್ಲಿ ಹೆಣ್ಣಿನವರ ಅವಮಾನ ಕನ್ನಡದಲ್ಲಿ, ತಮ್ಮವರೆಂದು ಜನ ನಂಬಿದ್ದ ರಾಜ್‌ಕುಮಾರ್, ಲೀಲಾವತಿಯವರ ಮುಖದಲ್ಲಿ ಕಾಣಿಸಿತು. ಅದೇ ಜಗಳವನ್ನು ಹೊರಗಿನ ಮುಖಗಳು ಎರವಲು ದನಿಯಲ್ಲಿ ಆಡಿದ್ದರೆ ನೋಡುವವರು 'ಅವರ ಕಡೆ ಹಿಂಗೆ' ಎಂದು ಎದ್ದು ಹೋಗಬಹುದಿತ್ತು.

ಆ ಅಪಾಯ ಇತ್ತು ಕೂಡ. 1960ರ ದಶಕದಲ್ಲಿ ಕನ್ನಡ ಚಿತ್ರಮಂದಿರಗಳಿಗೆ ಡಬ್ಬಿಂಗ್ ಚಿತ್ರಗಳು ಬರುತ್ತಿದ್ದವು. ಕನ್ನಡದ ನಟರಿಗೆ, ಬರಹಗಾರರಿಗೆ, ತಂತ್ರಜ್ಞರಿಗೆ ಕೆಲಸ ತಪ್ಪುತ್ತದೆಂದು ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಬೀದಿಗಿಳಿದರು. ಕ್ರಮೇಣ ಡಬ್ಬಿಂಗ್ ನಿಂತಿತು. ವಿಪರ್ಯಾಸವೆಂದರೆ, ಭಾರತದ ಮೊದಲ ಡಬ್ಬಿಂಗ್ ಚಿತ್ರವೆಂದು ಹೆಸರಾದದ್ದು ಕನ್ನಡದ ಕೂಸು. ಎ.ವಿ. ಮೇಯ್ಯಪ್ಪನ್ ಅವರು 1943ರ ಕನ್ನಡ 'ಸತ್ಯ ಹರಿಶ್ಚಂದ್ರ'ಕ್ಕೆ ತಮಿಳು ಮಾತು ಕೂಡಿಸಿ 1944ರಲ್ಲಿ ಬಿಡುಗಡೆ ಮಾಡಿದ್ದರು.

ಅದೇ ಹರಿಶ್ಚಂದ್ರ 1965ರಲ್ಲಿ ಮತ್ತೆ ಬಂದಾಗ ದಾರಿ ಬೇರೆಯಾಗಿತ್ತು. ಕೆ.ವಿ. ರೆಡ್ಡಿ ತೆಲುಗಿನಲ್ಲಿ ರಾಮರಾವ್ ಅವರನ್ನು ಹಾಕಿಕೊಂಡು ತೆಗೆದರು. ಕನ್ನಡದ್ದನ್ನು ರಾಜ್‌ಕುಮಾರ್, ಪಂಢರಿಬಾಯಿ ಅವರೊಂದಿಗೆ ನಿರ್ದೇಶಿಸಿದವರು ಮತ್ತೆ ಹುಣಸೂರು ಕೃಷ್ಣಮೂರ್ತಿಯವರೇ. ಸ್ಮಶಾನದ ವೀರಬಾಹು, ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್. ತೆಲುಗಿನದಕ್ಕಿಂತ ಕನ್ನಡದ್ದೇ ಹೆಚ್ಚು ಓಡಿತು. 2008ರಲ್ಲಿ ಬಣ್ಣ ತುಂಬಿಸಿಕೊಂಡು ಅದು ಮತ್ತೆ ತೆರೆಗೂ ಬಂತು. ಒಂದೇ ವರ್ಷದಲ್ಲಿ ಒಂದು ನಗೆಚಿತ್ರ, ಒಂದು ಅಳುವ ಚಿತ್ರ, ಎರಡನ್ನೂ ಬೇರೆ ಭಾಷೆಯ ಜೊತೆಗೂಡಿ ಕನ್ನಡದ್ದೇ ಮಾಡಿ ಕೊಟ್ಟ ಕೈ ಹುಣಸೂರಿನದು. ತಾತ ರೇಗಿದ್ದರಲ್ಲಿ ತಪ್ಪೇನೂ ಇಲ್ಲ.

ಹಾಗೆಂದು ಡಬ್ಬಿಂಗ್ ತಡೆದದ್ದೆಲ್ಲ ಲಾಭವೇ ಎನ್ನಲಾಗದು. ನಷ್ಟ ಆದದ್ದು ಮಕ್ಕಳಿಗೆ. ಕಾಡುಪ್ರಾಣಿಗಳ, ವಿಜ್ಞಾನದ ಕಾರ್ಯಕ್ರಮಗಳನ್ನು ತಮಿಳು, ತೆಲುಗಿನ ಮಕ್ಕಳು ತಮ್ಮ ನುಡಿಯಲ್ಲೇ ನೋಡುತ್ತಿದ್ದಾಗ ಕನ್ನಡದ ಮಕ್ಕಳು ಅರ್ಧಂಬರ್ಧ ತಿಳಿದ ಇಂಗ್ಲಿಷಿನಲ್ಲಿ ನೋಡಿದರು. ಪಕ್ಕದ ನಾಗರಹೊಳೆಯ ಆನೆಯ ವಿಷಯವನ್ನೂ ಇಂಗ್ಲಿಷಿನಲ್ಲೇ ಕೇಳಬೇಕಾದ ಪಾಡು! 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ಬೇರೆ ಭಾಷೆಗಳ ವಾಹಿನಿಗಳಲ್ಲಿ ಬಂದಾಗ ಕನ್ನಡದ ವಾಹಿನಿಯಲ್ಲಿ ಬರಲಿಲ್ಲ. ಅದರ ಒಂದು ಕಂತಿನ ವಿಷಯ ವರದಕ್ಷಿಣೆ. 2015ರಲ್ಲಿ ಭಾರತ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿದ ಮೇಲೆ ಬಾಗಿಲು ತೆರೆಯಿತು. 2018ರ 'ಕೆ.ಜಿ.ಎಫ್.' ನಾಲ್ಕು ಭಾಷೆಯ ದನಿ ತೊಟ್ಟು ಹೊರಗೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತದ ಧಾರಾವಾಹಿ ಕನ್ನಡದ ದನಿಯಲ್ಲಿ ಮನೆಯೊಳಗೆ ಬಂತು. ಆನೆಗೆ, ಗ್ರಹ ತಾರೆಗಳಿಗೆ ತುಟಿಯ ಸಮಸ್ಯೆಯಿಲ್ಲ. ಅವನ್ನು ಡಬ್ ಮಾಡಿಕೊಂಡರೆ ಯಾರ ಗಂಟೂ ಹೋಗದು. ಬೀಗರ ಜಗಳ ಮಾತ್ರ ಬೇರೆ. ಅದನ್ನು ಇಲ್ಲಿಯವರೇ ಆಡಿ ತೋರಿಸಿದರೆ ಚೆನ್ನ.

ರಾವಂದೂರಿನ ಆ ಮನೆಯಲ್ಲಿ ಚಿತ್ರ ಮುಗಿಯುವ ಹೊತ್ತು. ಮೊಮ್ಮಗಳು ಮೊಬೈಲ್ ಕೆಳಗಿಟ್ಟು ಕೇಳುತ್ತಾಳೆ: 'ತಾತ, ನಿನ್ ಮದುವೇಲಿ ನಿಂಗೆಷ್ಟು ಕೊಟ್ಟಿದ್ರು?'

ತಾತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. 'ಸೌಂಡ್ ಸ್ವಲ್ಪ ಜಾಸ್ತಿ ಮಾಡವ್ವ, ಕೇಳಿಸ್ತಿಲ್ಲ.'

'ಒಂದು ವಾಚು, ಒಂದು ಸೈಕಲ್ಲು, ಒಂದು ಸೂಟು' ಎಂದು ಅಡುಗೆ ಮನೆಯಿಂದ ಅಜ್ಜಿಯ ದನಿ. 'ಸೈಕಲ್ಲು ಬರೋದು ತಡ ಆಯ್ತು ಅಂತ ಮೂರು ತಿಂಗ್ಳು ನನ್ನ ಕರೆಯೋಕೇ ಬರ್ನಿಲ್ಲ. ಕೇಳು, ಹೌದೋ ಅಲ್ವೋ ಅಂತ.'